ಎರಿ ಹೊಲದಾಚೆಯ ಗಾಲ್ಫ್ ಮೈದಾನಗಳು

ಹುಬ್ಬಳ್ಳಿ-ಧಾರವಾಡದ ಗಾಲ್ಫ್ ಪ್ರಿಯರು ನಾಲ್ಕಾರು ಜನ ಕೂಡಿ ನಾಡಿನ ಹೆಸರುವಾಸಿ ಮೈದಾನಗಳಲ್ಲಿ ಆಡಿ ಬರಬೇಕೆಂದರೆ ಊರು ಬಿಟ್ಟು ಹೊರಡುವುದು ಅನಿವಾರ್ಯ. ಧಾರವಾಡದಿಂದ ಸುಮಾರು 75 ಕಿಲೋಮೀಟರ್ ದೂರದ ಬೆಳಗಾವಿಯಲ್ಲಿ ಸೇನೆಯ ಮೈದಾನವಿದೆ. ಅದನ್ನು ಬಿಟ್ಟರೆ ಹುಬ್ಬಳ್ಳಿಯಿಂದ 400 ಕಿಲೋಮೀಟರಿಗೂ ಆಚೆಯ ಬೆಂಗಳೂರು, ಅಲ್ಲಿಂದ ಮತ್ತೆ ನೂರು ಕಿಲೋಮೀಟರ್ ಪೂರ್ವಕ್ಕಿರುವ ಕೋಲಾರದ ಚಿನ್ನದ ಗಣಿ, ದಕ್ಷಿಣದ ಮೈಸೂರು, ಪಶ್ಚಿಮ ಘಟ್ಟದ ಅಂಚಿನ ಕೊಡಗು ಮತ್ತು ಚಿಕ್ಕಮಗಳೂರು ಇವೇ ಆ ಸುತ್ತಾಟದ ನಿಲ್ದಾಣಗಳು. ಈ ಊರುಗಳನ್ನು ಒಂದು ಗೆರೆಯಿಂದ ಕೂಡಿಸಿದರೆ ಮೂಡುವ ನಕ್ಷೆ 19ನೆಯ ಶತಮಾನದ್ದು: ದಂಡು, ಗಣಿ, ಅರಮನೆ ಮತ್ತು ಕಾಫಿ ತೋಟ ಎಲ್ಲೆಲ್ಲಿ ನೆಲೆಗೊಂಡವೋ ಅಲ್ಲಲ್ಲಿ ಗಾಲ್ಫ್ ಬೇರುಬಿಟ್ಟಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಕೇಂದ್ರದಂತಿದ್ದ, ಒಂದು ರೈಲ್ವೆ ಕಂಪನಿಯ ಮುಖ್ಯ ಕಚೇರಿಯನ್ನೇ ಇಟ್ಟುಕೊಂಡಿದ್ದ ಧಾರವಾಡಕ್ಕೆ ಈ ನಕ್ಷೆಯಲ್ಲಿ ದೊಡ್ಡ ಸ್ಥಾನ ಏಕೆ ಸಿಗಲಿಲ್ಲವೆಂಬುದಕ್ಕೆ ಕಾರಣವನ್ನು ನೆಲ, ನೀರು ಮತ್ತು ಅವುಗಳ ಮೇಲಿನ ಹಕ್ಕುಗಳಲ್ಲಿ ಹುಡುಕಬೇಕಾಗುತ್ತದೆ.

ಆಟದ ಸ್ವರೂಪವೇ ಈ ಹುಡುಕಾಟಕ್ಕೆ ಮೊದಲ ಸುಳಿವು ಕೊಡುತ್ತದೆ. ಟೀ ಎಂಬ ಸಮತಟ್ಟಾದ ಕಟ್ಟೆಯಿಂದ ಚೆಂಡನ್ನು ಹೊಡೆದು, ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ಉದ್ದನೆಯ ಪಟ್ಟಿಯ ಮೇಲೆ ಸಾಗಿಸಿ, ಬಂಕರ್ ಎಂಬ ಮರಳುಗುಂಡಿಗಳನ್ನು ತಪ್ಪಿಸಿ, ಗ್ರೀನ್ ಎಂಬ ನುಣುಪು ಹುಲ್ಲುಹಾಸಿನಲ್ಲಿ ಕೊರೆದ 108 ಮಿಲಿಮೀಟರ್ ಅಗಲದ ಕುಳಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸುವುದು ಈ ಆಟದ ತಿರುಳು. ಹೀಗೆ ಹದಿನೆಂಟು ಕುಳಿಗಳನ್ನು ಮುಗಿಸಬೇಕಾದ್ದರಿಂದ ಪೂರ್ಣ ಪ್ರಮಾಣದ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಮೀರಿದ ನೆಲ ಬೇಕು. ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಇದೊಂದು ತೊಡಕೇ ಆಗಿರಲಿಲ್ಲ, ಏಕೆಂದರೆ ಕಡಲತಡಿಗೂ ಹೊಲಗಳಿಗೂ ನಡುವೆ ಬಿದ್ದಿದ್ದ, ಉಳುಮೆಗೆ ಬಾರದ, ಕುರಿಗಳು ಮೇಯುತ್ತಿದ್ದ ಮರಳುದಿಣ್ಣೆಗಳ ಮೇಲೆಯೇ ಆಟ ಬೆಳೆಯಿತು. ಅಲ್ಲಿನ ಸಂಸತ್ತು 1457ರಲ್ಲಿ ಗಾಲ್ಫನ್ನು ನಿಷೇಧಿಸಿದ್ದು ಬಿಲ್ಲುವಿದ್ಯೆಯ ಅಭ್ಯಾಸ ಕೆಡುತ್ತದೆಂಬ ಕಾರಣಕ್ಕೇ ಹೊರತು ನೆಲದ ತಗಾದೆಯಿಂದಲ್ಲ. ಸೇಂಟ್ ಆ್ಯಂಡ್ರೂಸ್‌ನಲ್ಲಿ 1764ರಲ್ಲಿ ಒಂದು ಸುತ್ತಿನ ಕುಳಿಗಳ ಸಂಖ್ಯೆ ಇಪ್ಪತ್ತೆರಡರಿಂದ ಹದಿನೆಂಟಕ್ಕೆ ಇಳಿಯಿತು. ಆ ಊರಿನ ಅನುಕೂಲಕ್ಕೆಂದು ಆದ ಏರ್ಪಾಡು ಮುಂದೆ ಎಲ್ಲ ಕಡೆಯ ಕಟ್ಟಳೆಯಾಯಿತು. ಭಾರತಕ್ಕೆ ಬಂದಾಗ ಆಟಕ್ಕೆ ಅಂಥ ಪುಕ್ಕಟೆ ನೆಲ ಸಿಗಲಿಲ್ಲ. ಇಲ್ಲಿ ಬಯಲೆಂದು ಕಾಣುವುದೆಲ್ಲ ಬರಿದಾದ ಬಯಲಲ್ಲ. ಹಳೆಯ ಮೈಸೂರಿನಲ್ಲಿ ಗೋಮಾಳ, ಮುಂಬಯಿ ಕರ್ನಾಟಕದಲ್ಲಿ ಗಾಯರಾಣ ಎಂದು ಕರೆಯುವ, ಊರ ದನಗಳು ಮೇಯಲೆಂದು ಬಿಟ್ಟ ಸಾಮೂಹಿಕ ನೆಲ ಅದರಲ್ಲಿ ಬಹುಪಾಲು.

ಕಲ್ಕತ್ತೆಯಲ್ಲಿ 1829ರಲ್ಲಿ ಹುಟ್ಟಿದ ಕ್ಲಬ್ಬನ್ನು ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬೆಂದು ಪರಿಗಣಿಸುವುದು ರೂಢಿ. ಆಗಿನ ಚೆಂಡು ತೊಗಲಿನ ಚೀಲದೊಳಗೆ ಬೇಯಿಸಿದ ಹಕ್ಕಿಗರಿಗಳನ್ನು ಇಡುಕಿ ಹೊಲಿದದ್ದಾಗಿದ್ದು, ದುಬಾರಿಯೂ ಆಗಿತ್ತು, ಒದ್ದೆಯಾದರೆ ಹರಿದೂ ಹೋಗುತ್ತಿತ್ತು. 1848ರ ಸುಮಾರಿಗೆ ಮಲಯ ದ್ವೀಪಸಮೂಹದ ಮರವೊಂದರ ಹಾಲಿನಿಂದ ತಯಾರಾಗುವ ಗಟ್ಟಪರ್ಚ ಎಂಬ ಅಂಟಿನ ಚೆಂಡು ಬಂದ ಮೇಲೆಯೇ ಗಾಲ್ಫ್ ಅಗ್ಗವಾಗಿ ದೂರದೂರದ ದಂಡುಗಳನ್ನು ಮುಟ್ಟಿತು. 1809ರಲ್ಲಿ ಸ್ಥಾಪನೆಯಾದ ಬೆಂಗಳೂರು ದಂಡಿನಲ್ಲಿ ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಆ ಇಸವಿಯನ್ನು ಕ್ಲಬ್ಬಿನ ಇತಿಹಾಸಗಳು ಹೆಮ್ಮೆಯಿಂದ ಹೇಳುತ್ತವೆ. ಅದೇ ವರ್ಷ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟು, 1878ರವರೆಗೆ ಎಳೆದ ಮಹಾಕ್ಷಾಮ ಆರಂಭವಾಯಿತು. ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟನ್ನು, ಅಂದರೆ ಸುಮಾರು ಹತ್ತು ಲಕ್ಷ ಜನರನ್ನು, ಕಳೆದುಕೊಂಡಿತೆಂಬುದು ಇತಿಹಾಸಕಾರರ ಅಂದಾಜು. ಕ್ಲಬ್ ಕ್ಷಾಮಕ್ಕೆ ಕಾರಣವಲ್ಲ, ಕ್ಷಾಮ ಕ್ಲಬ್ಬಿಗೆ ಸಂಬಂಧಿಸಿದ್ದೂ ಅಲ್ಲ. ಆದರೆ ಎರಡನ್ನೂ ಒಂದೇ ಪುಟದಲ್ಲಿ ಬರೆಯದ ಇತಿಹಾಸ ಆ ಕಾಲದ ಬೆಂಗಳೂರನ್ನು ಅರ್ಧವೇ ತೋರಿಸಿದಂತಾಗುತ್ತದೆ. ಇಂದು ಸ್ಯಾಂಕಿ ರಸ್ತೆಯ ಪಕ್ಕದಲ್ಲಿರುವ ಈ ಕ್ಲಬ್ಬಿನ ಮೈದಾನ ಅರವತ್ತು ಎಕರೆಯ ಆಸುಪಾಸಿನದು; ಹದಿನೆಂಟು ಕುಳಿಗಳನ್ನು ಅಷ್ಟರಲ್ಲೇ ಅಡಕವಾಗಿ ಹೊಂದಿಸಿರುವುದರಿಂದ ಇಲ್ಲಿ ದೂರದ ಹೊಡೆತಕ್ಕಿಂತ ಅಳತೆಯ ಹೊಡೆತಕ್ಕೆ ಬೆಲೆ.

ಹಸಿರು ಹುಲ್ಲುಹಾಸನ್ನು ಗಾಲ್ಫಿನ ಹುಟ್ಟುಗುಣವೆಂದು ಇಂದಿನ ಪ್ರೇಕ್ಷಕ ಭಾವಿಸುತ್ತಾನಾದರೂ ಬಯಲುಸೀಮೆಯ ಹಳೆಯ ಮೈದಾನಗಳಲ್ಲಿ ಹಸಿರು ಮಳೆಗಾಲದ ಅತಿಥಿಯಷ್ಟೇ ಆಗಿತ್ತು. ಕುಳಿಯ ಸುತ್ತ ವರ್ಷವಿಡೀ ಹುಲ್ಲು ಉಳಿಸಲು ನೀರಿಲ್ಲದ ಕಡೆ ಬ್ರೌನ್ ಎಂಬ ಕಂದು ಅಂಗಳವನ್ನು ಮಾಡುತ್ತಿದ್ದರು: ನೆಲವನ್ನು ಗಟ್ಟಿಯಾಗಿ ಕೂರಿಸಿ, ಜರಡಿ ಹಿಡಿದ ಮರಳಿಗೆ ಎಣ್ಣೆ ಬೆರೆಸಿ ತೆಳುವಾಗಿ ಹರಡಿ, ಉರುಳೆ ಎಳೆದು ಸಮಮಾಡಿದರೆ ಚೆಂಡು ಅದರ ಮೇಲೆ ಹುಲ್ಲಿನ ಮೇಲಿನಂತೆಯೇ ನೇರವಾಗಿ ಉರುಳುತ್ತಿತ್ತು, ಎಣ್ಣೆಯ ಪಸೆಯಿಂದ ಮರಳು ಗಾಳಿಗೆ ಹಾರುತ್ತಲೂ ಇರಲಿಲ್ಲ. ಒಬ್ಬ ಆಟಗಾರ ಆಡಿಹೋದ ಮೇಲೆ ಮೂಡಿದ ಹೆಜ್ಜೆಗುರುತುಗಳನ್ನು ಅಳಿಸಿ ಮತ್ತೆ ನಯಗೊಳಿಸುವ ಕೆಲಸ ಕ್ಯಾಡಿಯದು. ಕ್ಯಾಡಿ ಎಂದರೆ ಆಟಗಾರನ ದಾಂಡುಗಳ ಚೀಲವನ್ನು ಹೊತ್ತು, ಚೆಂಡು ಬಿದ್ದ ಜಾಗವನ್ನು ಗುರುತಿಟ್ಟು, ಯಾವ ದಾಂಡು ತಕ್ಕುದೆಂದು ಸೂಚಿಸುವ ಸಹಾಯಕ. 1920ರ ದಶಕದಲ್ಲಿ ಮರದ ಟೀ ಮೊಳೆ ಬಳಕೆಗೆ ಬರುವ ತನಕ, ಪ್ರತಿ ಕುಳಿಯ ಆರಂಭದಲ್ಲೂ ಒದ್ದೆ ಮರಳನ್ನು ಬೆರಳುಗಳಲ್ಲಿ ಒತ್ತಿ ಪುಟ್ಟ ಗೋಪುರ ಮಾಡಿ ಅದರ ತುದಿಯಲ್ಲಿ ಚೆಂಡನ್ನು ಕೂರಿಸಬೇಕಾಗುತ್ತಿತ್ತು. ಇದೂ ಸಾಮಾನ್ಯವಾಗಿ ಕ್ಯಾಡಿಯ ಕೈಗೇ ಬೀಳುತ್ತಿತ್ತು. ಸದಸ್ಯರ ಪಟ್ಟಿಯಲ್ಲಿ ಬಹುಪಾಲು ಯುರೋಪಿಯನ್ನರೇ ಇದ್ದ ಕಾಲದಲ್ಲಿಯೂ ಆಟದ ಕೈಕೆಲಸವೆಲ್ಲ ಸುತ್ತಲ ಹಳ್ಳಿಗಳ ಹುಡುಗರದಾಗಿತ್ತು. ಆ ಹುಡುಗರು ಕಲಿತದ್ದು ಏನೆಂಬುದು ಹೊರಗೆ ಕಾಣಲು ಒಂದು ಶತಮಾನವೇ ಹಿಡಿಯಿತು.

ಕೋಲಾರದ ಚಿನ್ನದ ಗಣಿಯಲ್ಲಿ ನೆಲ-ನೀರಿನ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. 1870ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಲವೆಲ್ ಇಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ ಮೇಲೆ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೆಲಸವನ್ನು ಕೈಗೆತ್ತಿಕೊಂಡಿತು. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಮೈಸೂರು ಎಂಬ ಗಣಿಗಳ ಸುತ್ತ ಎದ್ದ ಪಟ್ಟಣಕ್ಕೆ ಪುಟ್ಟ ಇಂಗ್ಲೆಂಡ್ ಎಂಬ ಅಡ್ಡಹೆಸರು ಬಿತ್ತು. ಮೇಲೆ ಬಂಗಲೆ, ಕ್ಲಬ್, ಗಾಲ್ಫ್ ಮೈದಾನ. ಕೆಳಗೆ, ಕೊನೆಕೊನೆಗೆ ಮೂರು ಕಿಲೋಮೀಟರಿಗೂ ಮೀರಿ ಇಳಿದ ಸುರಂಗಗಳಲ್ಲಿ, ಉತ್ತರ ಆರ್ಕಾಟು ಮತ್ತು ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕಾರ್ಮಿಕರು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಮೊದಲು ತಲುಪಿದ್ದು ರಾಜಧಾನಿ ಮೈಸೂರನ್ನಲ್ಲ, ಬೆಂಗಳೂರನ್ನೂ ಅಲ್ಲ, ಈ ಗಣಿಗಳನ್ನು. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಬರುತ್ತಿತ್ತು. ಮಳೆ ಕಡಿಮೆಯಾದ, ಹುಲ್ಲು ಬೇಗ ಸುಡುವ ಈ ಸೀಮೆಯಲ್ಲಿ ಗಾಲ್ಫ್ ಉಳಿದದ್ದು ಕಂಪನಿಯ ಹಣದಿಂದ ಮತ್ತು ಕಂಪನಿಯ ಮನಸ್ಸಿನಿಂದ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಆಮೇಲೆ ಅವು ಕೇಂದ್ರದ ಕೈ ಸೇರಿದವು, 2001ರ ಫೆಬ್ರವರಿ ಕೊನೆಯಲ್ಲಿ ಕೆಲಸ ನಿಂತಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಪಟ್ಟಣದ ದಿಗಂತವನ್ನು ಇಂದಿಗೂ ಆಳುತ್ತಿವೆ, ಗಾಳಿಯ ದಿನಗಳಲ್ಲಿ ಆ ಪುಡಿ ಮನೆಗಳ ಒಳಕ್ಕೂ ಬರುತ್ತದೆ. ಹಳೆಯ ಮೈದಾನಗಳ ಸುತ್ತಾಟಕ್ಕೆ ಹೊರಟವರು ಇಲ್ಲಿ ಆಟಕ್ಕಿಂತ ಊರನ್ನೇ ಹೆಚ್ಚು ಹೊತ್ತು ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಗುಂಪಾಗಿ ಊರಿಂದೂರಿಗೆ ಹೋಗಿ ಆಡುವ ಪದ್ಧತಿಗೆ ರೈಲು ಆಧಾರವಾಯಿತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ಕವಲು ಹಳಿ ತೆರೆದದ್ದು 1894ರಲ್ಲಿ; ಅದರಿಂದ ದಂಡಿನವರಿಗೂ ಗಣಿಯವರಿಗೂ ನಡುವಿನ ಓಡಾಟ ಒಂದು ದಿನದೊಳಗಿನ ಮಾತಾಯಿತು. ಇಂಥ ಗುಂಪುಗಳಲ್ಲಿ ನುರಿತವನೂ ಹೊಸಬನೂ ಕೂಡಿಯೇ ಆಡಲು ಅನುವಾಗುವುದು ಹ್ಯಾಂಡಿಕ್ಯಾಪ್ ಎಂಬ ಲೆಕ್ಕದಿಂದ: ಆಟಗಾರನ ಹಿಂದಿನ ಸಾಧನೆಯನ್ನು ಆಧರಿಸಿ ಅವನಿಗೆ ಇಂತಿಷ್ಟು ಹೊಡೆತಗಳ ರಿಯಾಯಿತಿ ಕೊಟ್ಟು, ಒಟ್ಟು ಹೊಡೆತಗಳಿಂದ ಅದನ್ನು ಕಳೆದು ಹೋಲಿಸುತ್ತಾರೆ. ಇದಕ್ಕೆ ಮೇಲಾಗಿ, ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯರು ರೂಪಿಸಿ, 1932ರಲ್ಲಿ ಲಿವರ್‌ಪೂಲ್ ಸಮೀಪದ ವಾಲಸಿ ಕ್ಲಬ್ಬಿನಲ್ಲಿ ಬಳಕೆಗೆ ತಂದ ಅಂಕಪದ್ಧತಿ ಬಂದಿತು. ಅದರಲ್ಲಿ ಪ್ರತಿ ಕುಳಿಗೂ ಬೇರೆಯಾಗಿ ಅಂಕ ಕೊಡುವುದರಿಂದ ಒಂದು ಕುಳಿಯಲ್ಲಿ ಎಡವಿದವನು ಆ ಕುಳಿಗೆ ಸೊನ್ನೆ ಬರೆಸಿಕೊಂಡು ಮುಂದಕ್ಕೆ ಹೋಗಬಹುದು, ಇಡೀ ಸುತ್ತು ಹಾಳಾಗುವುದಿಲ್ಲ. ಸ್ನೇಹಿತರ ಕೂಟಗಳು ಇಂದಿಗೂ ಈ ಪದ್ಧತಿಯನ್ನೇ ನೆಚ್ಚಿಕೊಂಡಿರುವುದಕ್ಕೆ ಕಾರಣ ಸ್ಪಷ್ಟ. ಬೆಳಿಗ್ಗೆಯೇ ಸೋತವನು ಮಧ್ಯಾಹ್ನದವರೆಗೆ ಸುಮ್ಮನೆ ಚೀಲದ ಹಿಂದೆ ನಡೆಯಬೇಕಾದ ಶಿಕ್ಷೆ ಅದರಲ್ಲಿಲ್ಲ.

ಮೈಸೂರಿನ ಮೈದಾನದ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಚಾಮುಂಡಿ ಬೆಟ್ಟದ ಬುಡದಲ್ಲಿ, ಕುದುರೆ ಓಟದ ವರ್ತುಲದ ಆಸರೆಯಲ್ಲಿ ಅರಮನೆಯ ಆಶ್ರಯದಿಂದ ಬೆಳೆದ ಅದು ಇಂದು ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ನೋಟದ ದೃಷ್ಟಿಯಿಂದ ನಾಡಿನ ಮೈದಾನಗಳಲ್ಲೆಲ್ಲ ಮೇಲಿನ ಸಾಲಿನದು. ಕೊಡಗಿನ ಕಥೆ ಬೇರೆ. ಮಡಿಕೇರಿಯ ಬಳಿ 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮೊದಲ ಕಾಫಿ ತೋಟ ತೆರೆದ ಮೇಲೆ ಒಬ್ಬರಿಂದೊಬ್ಬರು ಹತ್ತಾರು ಮೈಲಿ ದೂರದಲ್ಲಿ ಒಂಟಿಯಾಗಿ ಬದುಕುತ್ತಿದ್ದ ತೋಟದ ಸಾಹೇಬರಿಗೆ ವಾರಕ್ಕೊಮ್ಮೆ ಕೂಡುವ ಜಾಗ ಬೇಕಾಯಿತು. ಸಕಲೇಶಪುರದಲ್ಲಿ 1893ರಲ್ಲಿ ಹುಟ್ಟಿದ ಮಂಜರಾಬಾದ್ ಕ್ಲಬ್ಬಿನಂಥ ಸಂಸ್ಥೆಗಳು ಈ ಏಕಾಂತದ ಫಲ. ಮಡಿಕೇರಿಯ ಹುಲ್ಲುಗುಡ್ಡಗಳ ಮೇಲೆ, ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲಿ, ಪಾಲಿಬೆಟ್ಟದ ಕಾಫಿ ತೋಟಗಳ ನಡುವೆ ಇರುವ ಮೈದಾನಗಳಲ್ಲಿ ಹಸಿರಿಗೆ ಯಾರೂ ಎಣ್ಣೆ-ಮರಳಿನ ಉಪಾಯ ಹೂಡಬೇಕಾಗಿಲ್ಲ; ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದೇ ಮಳೆ ಜೂನ್‌ನಿಂದ ಆಗಸ್ಟಿನವರೆಗೆ ಆಟವನ್ನು ಬಹುಮಟ್ಟಿಗೆ ನಿಲ್ಲಿಸುವುದರಿಂದ, ಬೆಂಗಳೂರಿನವರು ಹುಲ್ಲಿಗಾಗಿ ಕಾಯುವ ತಿಂಗಳುಗಳಲ್ಲಿ ಕೊಡಗಿನವರು ಬಿಸಿಲಿಗಾಗಿ ಕಾಯುತ್ತಾರೆ. ಚಿಕ್ಕಮಗಳೂರಿನ ಮೈದಾನ ಇವುಗಳಿಗಿಂತ ಕಿರಿಯದು, ಅದನ್ನು ಬೆಳೆಸಿದವರು ಕನ್ನಡಿಗ ಬೆಳೆಗಾರರು.

ಧಾರವಾಡಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. 1818ರ ಹೊತ್ತಿಗೆ ಬ್ರಿಟಿಷರ ಕೈಸೇರಿದ ಈ ಸೀಮೆಗೆ ಕಲೆಕ್ಟರರ ಕಚೇರಿ ಬಂದಿತು, ಬಾಸೆಲ್ ಮಿಷನ್ 1837ರಲ್ಲಿ ಬಂದಿತು, ಆದರೆ ದೊಡ್ಡ ದಂಡು ನೆಲೆಸಿದ್ದು ಬೆಳಗಾವಿಯಲ್ಲಿ. ಮಣ್ಣೂ ಆಟದ ಪಕ್ಷದಲ್ಲಿರಲಿಲ್ಲ. ಹುಬ್ಬಳ್ಳಿಯಿಂದ ಪೂರ್ವಕ್ಕೆ, ನವಲಗುಂದ-ನರಗುಂದಗಳ ಕಡೆಗೆ ಹಬ್ಬಿರುವ ಬೆಳವಲದ ಎರಿ ಭೂಮಿ, ಅಂದರೆ ಕಪ್ಪು ಜೇಡಿಮಣ್ಣು, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಅಗಲವಾಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಮೆಟ್ಟಿದ ಕೆರವನ್ನು ಬಿಡದೆ ಅಂಟಿಕೊಳ್ಳುತ್ತದೆ. ಚೆಂಡು ಉರುಳಿಸಲು ಇಷ್ಟು ಒಲ್ಲದ ಮಣ್ಣು ಹತ್ತಿ ಮತ್ತು ಬಿಳಿಜೋಳಕ್ಕೆ ಮಾತ್ರ ಚಿನ್ನದಂಥದು. ಧಾರವಾಡ ಪಟ್ಟಣವಾದರೋ ಮಲೆನಾಡಿನ ಅಂಚಿನಲ್ಲಿದ್ದು ಅದರ ದಿಬ್ಬಗಳಲ್ಲಿ ಮಸಾರಿ, ಅಂದರೆ ಕೆಂಪು ಮಿಶ್ರಿತ ಹಗುರ ಮಣ್ಣು, ಸಾಕಷ್ಟಿದೆ. ಆದ್ದರಿಂದ ಮಣ್ಣೊಂದನ್ನೇ ದೂರಿದರೆ ವಾದ ಪೂರ್ತಿಯಾಗುವುದಿಲ್ಲ. ಎರಿಯ ನಿಜವಾದ ಪ್ರಭಾವ ಬೇರೆ ಬಗೆಯದು: 1840ರ ದಶಕದಿಂದ ಇಲ್ಲಿ ಅಮೆರಿಕನ್ ತಳಿಯ ಹತ್ತಿಯನ್ನು ಹಬ್ಬಿಸಲು ಸರ್ಕಾರ ಹೆಣಗಿತು, 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿಗೆ ಮ್ಯಾಂಚೆಸ್ಟರಿನಿಂದ ಭಾರಿ ಬೇಡಿಕೆ ಬಂದಿತು, ಜಿಲ್ಲೆಯ ನೆಲವನ್ನು ಅಧಿಕಾರಿಗಳು ನೋಡುವ ಕಣ್ಣೇ ಬೆಳೆಯ ಕಣ್ಣಾಯಿತು. ಕಾಫಿಯ ಸಾಹೇಬ ತೋಟದಲ್ಲಿ ವಾಸಿಸಬೇಕಿತ್ತು, ಚಿನ್ನದ ಸಾಹೇಬ ಗಣಿಯ ಬಾಯಲ್ಲಿ ವಾಸಿಸಬೇಕಿತ್ತು; ಹತ್ತಿಯನ್ನು ಬೆಳೆಯುತ್ತಿದ್ದವನು ಇಲ್ಲಿಯ ರೈತನೇ ಆದ್ದರಿಂದ ಹತ್ತಿಯ ಸಾಹೇಬ ಮುಂಬಯಿಯಲ್ಲಿ ಕುಳಿತೇ ಕೊಳ್ಳಬಹುದಾಗಿತ್ತು.

ಒಂದು ಅವಕಾಶ ಮಾತ್ರ ಬಂದುಹೋಯಿತು. 1876-78ರ ಕ್ಷಾಮದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಅನುಭವದ ಬೆನ್ನಿಗೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಗಿ, ಅದರ ಮುಖ್ಯ ಕಚೇರಿ ಧಾರವಾಡದಲ್ಲಿ, ಕಾರ್ಯಾಗಾರ 1885ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನೆಲೆಗೊಂಡವು. ಎಂಜಿನಿಯರು, ಲೆಕ್ಕಪತ್ರದ ಅಧಿಕಾರಿ, ಸಂಚಾರ ವ್ಯವಸ್ಥಾಪಕ ಎಂದು ಬಂದ ಯುರೋಪಿಯನ್ನರ ವಸತಿ ಇನ್ನೊಂದೆರಡು ತಲೆಮಾರು ಉಳಿದಿದ್ದರೆ ಧಾರವಾಡದ ದಿಬ್ಬಗಳಲ್ಲೂ ಹದಿನೆಂಟು ಕುಳಿಗಳ ಪ್ರಸಿದ್ಧ ಮೈದಾನವೊಂದು ಏಳುತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಆದರೆ 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾದಾಗ ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಬಿಟ್ಟುಹೋದ ಕಟ್ಟಡ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ಪಾಲಾಯಿತು. ಸಾಹೇಬರು ಕಡತ ತಿರುವುತ್ತಿದ್ದ ಕೋಣೆಗಳಲ್ಲಿ ಕನ್ನಡ ಜಿಲ್ಲೆಗಳ ಹುಡುಗರು ತರ್ಕಶಾಸ್ತ್ರ ಓದತೊಡಗಿದರು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಆಗಲೇ ಬಲ ಪಡೆದಿದ್ದ ಈ ವಿದ್ಯಾವಂತ ವರ್ಗ ಒಪ್ಪಿಕೊಂಡ ಇಂಗ್ಲಿಷ್ ಆಟಗಳು ಕ್ರಿಕೆಟ್ ಮತ್ತು ಟೆನಿಸ್. ಇವಕ್ಕೆ ಕಾಲೇಜಿನ ಅಂಗಳ ಸಾಕು, ನೂರು ಎಕರೆ ಬೇಡ. ಊರಿನ ಗರಡಿಮನೆಗಳ ಕುಸ್ತಿಗಂತೂ ಒಂದು ಕೋಣೆಯಷ್ಟು ಕೆಮ್ಮಣ್ಣು ಸಾಕಾಗಿತ್ತು.

ಆಮೇಲೆ ಧಾರವಾಡದಲ್ಲಿ ನೂರಾರು ಎಕರೆಗಳು ಸಿಕ್ಕಾಗ ಅವುಗಳ ಮೇಲೆ ಬೇರೆ ಹಕ್ಕುದಾರರಿದ್ದರು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಇಲ್ಲಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪಟ್ಟಣದಾಚೆಯ ಗುಡ್ಡ ಹೋಯಿತು. 1947ರ ಕೃಷಿ ಕಾಲೇಜು 1986ರಲ್ಲಿ ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. 1972ರಲ್ಲಿ ದೇಶದ ಗಮನ ಸೆಳೆದ ವರಲಕ್ಷ್ಮಿ ಎಂಬ ಸಂಕರ ಹತ್ತಿ ತಳಿ ಧಾರವಾಡದ ಸಂಶೋಧನೆಯ ಕೊಡುಗೆ. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ, 2016ರಲ್ಲಿ ಐಐಟಿ ಬಂದವು. ಹುಲ್ಲುಹಾಸಿಗೆ ಒಗ್ಗಬಹುದಾಗಿದ್ದ ಮಸಾರಿ ದಿಬ್ಬಗಳನ್ನು ಹೀಗೆ ಪಾಠ, ಬೀಜ ಮತ್ತು ನ್ಯಾಯ ಹಂಚಿಕೊಂಡವು. ಇದನ್ನು ಊರಿನ ಸದ್ಗುಣವೆಂದು ಹೊಗಳಬೇಕಾಗಿಲ್ಲ. ಬೇಡಿಕೆ ಇದ್ದ ಕಡೆಗೆ ನೆಲ ಹರಿಯಿತು, ಅಷ್ಟೆ.

ಸ್ವಾತಂತ್ರ್ಯದ ನಂತರ ಗಾಲ್ಫ್ ಬೆಂಗಳೂರಿನಲ್ಲೇ ಹಿಗ್ಗಿತು. 1973ರಲ್ಲಿ ರೂಪುಗೊಂಡ ಕರ್ನಾಟಕ ಗಾಲ್ಫ್ ಸಂಸ್ಥೆಗೆ ಹಳೆಯ ವಿಮಾನ ನಿಲ್ದಾಣದ ಹತ್ತಿರ ಸಿಕ್ಕ ನೂರಕ್ಕೂ ಹೆಚ್ಚು ಎಕರೆ ಚಲ್ಲಘಟ್ಟ ಕೆರೆಯ ಅಂಗಳ. ಬ್ರಿಟಿಷ್ ಓಪನ್ ಪಂದ್ಯಾವಳಿಯನ್ನು ಐದು ಬಾರಿ ಗೆದ್ದ, 1964ರಲ್ಲಿ ಇಂಡಿಯನ್ ಓಪನ್ ಆರಂಭವಾಗಲು ನೆರವಾಗಿ ಅದರ ಮೊದಲ ಪ್ರಶಸ್ತಿಯನ್ನೂ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಈ ಮೈದಾನದ ವಿನ್ಯಾಸ ಮಾಡಿದರು. 1986ರಲ್ಲಿ ಆಟ ಆರಂಭವಾಯಿತು, 2012ರಲ್ಲಿ ಇಂಡಿಯನ್ ಓಪನ್ ಇಲ್ಲಿಯೇ ನಡೆಯಿತು. ಕೆರೆಯೊಂದು ಮೈದಾನವಾದ ಮೇಲೆ ಆ ಹೆಸರು ಉಳಿದದ್ದು ಕೊಳಚೆ ನೀರಿನ ಯೋಜನೆಯೊಂದರಲ್ಲಿ: ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ತ್ಯಾಜ್ಯ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಗಣಿಗಳ ಕಾಲದಲ್ಲಿ ಬೇತಮಂಗಲದ ನೀರನ್ನು ನೆಚ್ಚಿದ್ದ ಸೀಮೆಗೆ ಈಗ ನಗರದ ಬಚ್ಚಲ ನೀರು ದಿಕ್ಕಾಗಿರುವ ಈ ಏರ್ಪಾಡಿನ ಬಗ್ಗೆ ಅಲ್ಲಿನ ರೈತರಲ್ಲಿ ಸಮಾಧಾನವೂ ಅನುಮಾನವೂ ಒಟ್ಟಿಗೆ ಇವೆ.

ಚೀಲ ಹೊತ್ತವರು ಕಲಿತದ್ದು ಹೊರಗೆ ಬಂದದ್ದು ಈ ಕಾಲದಲ್ಲೇ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬದುಕು ಆರಂಭಿಸಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಈಗಲ್ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಭಾರತೀಯ ವೃತ್ತಿಪರ ಸರಣಿಯಲ್ಲಿ ಹಲವು ಪ್ರಶಸ್ತಿಗಳನ್ನು ಪಡೆದರು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿದಾಗ, ಗಾಲ್ಫಿನ ಅಂಕಪಟ್ಟಿ ಓದಲು ಬಾರದ ಮನೆಗಳಲ್ಲಿಯೂ ಬೆಳಗಿನ ಜಾವ ಟಿವಿ ಹಚ್ಚಿದ್ದರು. ಇವರಲ್ಲಿ ಮೊದಲ ಇಬ್ಬರ ಸಾಧನೆಯಲ್ಲಿ ಎಣ್ಣೆ-ಮರಳಿನ ಕಾಲದ ಕ್ಯಾಡಿಗಳ ಪಾಲನ್ನು ಕಾಣುವುದು ಅತಿಶಯವಾಗಲಾರದು.

ಅವಳಿ ನಗರಕ್ಕೆ ಅತಿ ಹತ್ತಿರದ ಮೈದಾನವಿರುವ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರದ ಸುತ್ತ ಸೇನೆ ಹಿಡಿದಿಟ್ಟುಕೊಂಡ ವಿಸ್ತಾರವಾದ ನೆಲವೇ ಗಾಲ್ಫನ್ನು ಕಾಪಾಡಿದೆ. ಸುಮಾರು 250 ಎಕರೆಯ ಈ ಪ್ರದೇಶದ ಹೆಸರು ನಾಡಿನ ಮನೆಮನೆಗೆ ತಲುಪಿದ್ದು ಆಟದಿಂದಲ್ಲ. 2022ರ ಆಗಸ್ಟಿನಲ್ಲಿ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆಯೊಂದು ಮೈದಾನದ ಪೊದೆಗಳನ್ನು ಹೊಕ್ಕಿತು. ಸುತ್ತಲ 22 ಶಾಲೆಗಳಿಗೆ ರಜೆ ಕೊಟ್ಟು, ಬೋನು ಮತ್ತು ಕ್ಯಾಮೆರಾ ಇಟ್ಟು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿ ವಾರಗಟ್ಟಲೆ ಹುಡುಕಿದರೂ ಅದು ಕೈಗೆ ಸಿಗಲಿಲ್ಲ. ಫೇರ್‌ವೇಗಳ ನಡುವೆ ಕುರುಚಲನ್ನು ಕಡಿಯದೆ ಬಿಟ್ಟದ್ದರಿಂದಲೇ ಚಿರತೆಗೆ ಮರೆ ಸಿಕ್ಕಿತೆಂದು ಆಗ ದೂರುಗಳು ಕೇಳಿಬಂದವು, ಪೊದೆ ತೆರವುಗೊಳಿಸಲು ಯಂತ್ರಗಳೂ ಬಂದವು. ನಗರದ ನಡುವೆ ಒಂದು ಕಾಡುಮೃಗ ಅಷ್ಟು ದಿನ ಅವಿತಿರುವಷ್ಟು ತೆರಪಿನ ನೆಲ ಅಲ್ಲಿ ಇನ್ನೂ ಉಳಿದಿತ್ತು.